ಎರವಲು ಹೆಸರು

ಈ ಪುಸ್ತಕದ ಮೇಲೆ ಅಚ್ಚಾಗಿರುವ ಹೆಸರು ನನ್ನ ತಮ್ಮನದು. ಹೆತ್ತವರು ನನಗಿಟ್ಟ ಹೆಸರು ಹನುಮಂತರಾಯ. ಲೋಕೇಶ ಎನ್ನುವುದು ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮನಿಗೆ ಇಟ್ಟ ಹೆಸರು. ಆ ಹೆಸರು ಕೂಗಿದಾಗ ಮೈದಾನದಲ್ಲಿ ಓಡಿದವನು ನಾನು, ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ರುಜು ಹಾಕಿದವನು ನಾನು, ಪಿಂಚಣಿಯೂ ಅದೇ ಹೆಸರಿಗೆ ಬರುತ್ತದೆ. ಪೇಪರಿನ ಹುಡುಗರು ಮನೆಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆಯೂ ಒಂದೇ. ಸರ್, ನೀವು ಗೋಲಿನಲ್ಲಿ ನಿಂತಿದ್ದೀರಿ, ಬ್ಯಾಕ್ ಆಡಿದ್ದೀರಿ, ಹಾಫ್ ಆಡಿದ್ದೀರಿ, ಲೆಫ್ಟ್ ಔಟ್ ಆಡಿದ್ದೀರಿ, ಮುಂದೆ ಹೋಗಿ ಗೋಲೂ ಹೊಡೆದಿದ್ದೀರಿ, ಎಲ್ಲ ಜಾಗದಲ್ಲೂ ಆಡುವುದನ್ನು ಎಲ್ಲಿ ಕಲಿತಿರಿ? ನಾನು ಒಂದಿಬ್ಬರು ಕೋಚುಗಳ ಹೆಸರು ಹೇಳಿ, ಶಿಸ್ತು, ಪರಿಶ್ರಮ ಎಂದು ನಾಲ್ಕು ಒಳ್ಳೆಯ ಮಾತಾಡಿ, ಕಾಫಿ ಕೊಟ್ಟು ಕಳಿಸುತ್ತೇನೆ. ನಿಜವಾಗಿ ಕಲಿತದ್ದು ತುಮಕೂರಿನ ಚಿಕ್ಕಪೇಟೆಯ ಒಂದು ಓಣಿಯಲ್ಲಿದ್ದ ನಮ್ಮ ಮನೆಯಲ್ಲಿ. ಅಲ್ಲಿ ಏನು ಕಲಿತೆ ಎಂದು ಹೇಳಿದರೆ ಆ ಹುಡುಗರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದಾರು. ಮರ್ಯಾದೆ ಹೋಗುವ ಮಾತು ಹೇಳುವುದಕ್ಕೆ ಈ ವಯಸ್ಸೇ ಸರಿ ಎಂದು ಈಗ ಬರೆಯುತ್ತಿದ್ದೇನೆ.

ಅಪ್ಪ ಟೈಲರ್. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯವನು. ತನ್ನ ಪಾಲಿಗೆ ಬಂದ ತೆಂಗಿನ ಮರಗಳನ್ನು ಅಣ್ಣಂದಿರಿಗೇ ಬಿಟ್ಟು, ಪೇಟೆಗೆ ಬಂದು ಮೆಷಿನ್ ಇಟ್ಟವನು. ಅಣ್ಣಂದಿರು ವರ್ಷಕ್ಕೆರಡು ಸಲ ಗಾಡಿಯಲ್ಲಿ ಮಟ್ಟೆ, ಕರಟ, ಒಣಗಿದ ಗರಿ ತಂದು ಹಿತ್ತಿಲಲ್ಲಿ ಸುರಿದು ಹೋಗುತ್ತಿದ್ದರು. ನಮ್ಮ ಹಂಡೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಮನೆಗೆ ಎರಡೇ ಕೋಣೆ. ಮುಂದಿನದು ಹಗಲು ಅಂಗಡಿ, ಸಂಜೆಯ ಮೇಲೆ ಮನೆ. ಒಳಗಿನದು ಅಡುಗೆಮನೆ, ಅದರ ಮೂಲೆಯಲ್ಲಿ ದೇವರು, ಹಿಂದೆ ಬಚ್ಚಲು. ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಅಪ್ಪನ ರಾಜ್ಯ, ಅದರ ಕೆಳಗೆ ನನ್ನ ಮತ್ತು ಲೋಕಿಯ ಹಾಸಿಗೆ, ಪುಸ್ತಕ, ಜಗಳ. ಲೋಕಿ ಎಂದರೆ ಲೋಕೇಶ, ನನ್ನ ತಮ್ಮ. ಕುಣಿಗಲ್ ಕಡೆಯವಳಾದ ಅವ್ವ ಮುದ್ದೆ ತಿರುವುತ್ತಲೇ ಕಾಜಾ ಹೊಲಿಯಬಲ್ಲವಳು ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಸುಳ್ಳು, ಆದರೆ ತೀರ ಸುಳ್ಳೂ ಅಲ್ಲ. ಒಲೆಯ ಮೇಲೆ ಎಸರು ಕುದಿಯುವಷ್ಟು ಹೊತ್ತಿನಲ್ಲಿ ಅವಳು ಒಂದು ಷರಟಿನ ಗುಂಡಿಗಳನ್ನೆಲ್ಲ ಹಾಕಿ ಮುಗಿಸುತ್ತಿದ್ದಳು. ನಮ್ಮ ಮನೆಯಲ್ಲಿ ಇದು ಇವರ ಕೆಲಸ ಎಂಬುದೇ ಇರಲಿಲ್ಲ. ಅಪ್ಪ ಬಟ್ಟೆ ತರಲು ಹೋದರೆ ಅಳತೆ ತೆಗೆಯಲು ನಾನು ನಿಲ್ಲಬೇಕು, ಅವ್ವ ಹೊರಗಾದರೆ ಸಾರು ಕೂಡಿಸಲು ನಾನು ಕೂರಬೇಕು, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಬೇಕು, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಬೇಕು. ಯಾರು ಎದ್ದು ಹೋದರೂ ಅವರ ಜಾಗಕ್ಕೆ ಹೋಗಿ ಕೂರುವುದರಲ್ಲಿ ನಾನು ಎತ್ತಿದ ಕೈ.

ಲೋಕಿ ಹಾಗಲ್ಲ. ಅವನದು ಒಂದೇ ಜಾಗ, ಟೇಬಲ್ಲಿನ ಕೆಳಗೆ, ಓದುತ್ತ. ಬಟ್ಟೆ ಸುತ್ತಿ ಬಂದ ಪೇಪರನ್ನೂ ಬಿಡುತ್ತಿರಲಿಲ್ಲ, ಬಿಡಿಸಿ, ನೇವರಿಸಿ, ತಲೆಕೆಳಗಾಗಿದ್ದರೆ ತಾನೇ ತಿರುಗಿ ಕೂತು ಓದುತ್ತಿದ್ದ. ಆಗ ಬೆಲ್‌ಬಾಟಮ್ಮಿನ ಕಾಲ. ಇಪ್ಪತ್ತನಾಲ್ಕು ಇಂಚು ಅಗಲದ ಕಾಲು ಬೇಕೆಂದು ಹುಡುಗರು ಬಂದು ನಿಂತರೆ ಅಪ್ಪ ಟೇಪು ಹಿಡಿದು ತಲೆ ಕೆರೆಯುತ್ತಿದ್ದ. ಟೇಬಲ್ಲಿನ ಕೆಳಗಿನಿಂದ ಲೋಕಿಯ ದನಿ ಬರುತ್ತಿತ್ತು, ಇಷ್ಟು ಬಟ್ಟೆ ಹಿಡಿಯುತ್ತೆ, ಅಡ್ಡ ಹಾಕಿ ಕತ್ತರಿಸಿದರೆ ಇಷ್ಟು ಉಳಿಯುತ್ತೆ ಎಂದು. ಗಿರಾಕಿಗಳು ಬಗ್ಗಿ ನೋಡಿ ನಗುತ್ತಿದ್ದರು. ನಾನು ಎಂಟನೇ ತರಗತಿಯಲ್ಲಿ ಎರಡು ಸಲ ಫೇಲಾಗಿ, ಶಾಲೆಯಿಂದ ಟಿ.ಸಿ. ತಂದು ಅವ್ವನ ಕೈಗೆ ಕೊಟ್ಟಿದ್ದೆ. ಅವಳು ಅದನ್ನು ನಮ್ಮಿಬ್ಬರ ಜಾತಕಗಳ ಜೊತೆ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಓದು ಬಾರದ ಮಗನ ಟಿ.ಸಿ.ಗೆ ಅಷ್ಟು ಮರ್ಯಾದೆ ಯಾಕೆ ಎಂದು ಅಪ್ಪ ರೇಗಿಸಿದರೆ, 'ಸರಸ್ವತಿ ಕಣ್ರೀ, ಬಂದಷ್ಟು ಬಂದವಳೆ' ಎನ್ನುತ್ತಿದ್ದಳು.

ಪುಟ್ಟಸ್ವಾಮಿ ಮೇಷ್ಟ್ರು ನಮ್ಮ ಮನೆಗೆ ಬಂದದ್ದು ಬನಿಯನ್ ಹೊಲಿಸಲು. ಊರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಫುಟ್‌ಬಾಲ್ ಟೀಮು ಕಟ್ಟಿದ್ದರು. ಬೆನ್ನಿನ ಮೇಲಿನ ನಂಬರುಗಳಿಗೆ ಕಚ್ಚಾ ಹೊಲಿಗೆ ಸಾಕು, ಹುಡುಗರು ಬದಲಾಗುತ್ತಿರುತ್ತಾರೆ ಎಂದರು. ಕಚ್ಚಾ ಹೊಲಿಗೆ ಎಂದರೆ ಉದ್ದುದ್ದ ಸೂಜಿ ಓಡಿಸಿ ಸುಮ್ಮನೆ ಹಿಡಿಸಿದ್ದು, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಹೊಲಿದ ಬನಿಯನ್ನುಗಳನ್ನು ಮುಟ್ಟಿಸಲು ಮೈದಾನಕ್ಕೆ ಹೋದವನು ನಾನು. ಅವತ್ತು ಅವರಿಗೆ ಒಬ್ಬ ಕಡಿಮೆಯಿದ್ದ. ನಿಲ್ತೀಯೇನೋ ಎಂದರು, ನಿಂತೆ. ಮರುದಿನ ಗೋಲ್‌ಕೀಪರ್ ಬರಲಿಲ್ಲ, ಅಲ್ಲಿ ನಿಂತೆ. ಅದರ ಮರುದಿನ ಎಡಗಾಲಿನವನು ಬೇಕಿತ್ತು, ಎಡಗಾಲಲ್ಲಿ ಒದ್ದೆ. ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ಮನೆಗೇ ಬಂದು, ಅವ್ವ ಕೊಟ್ಟ ಉಪ್ಪಿಟ್ಟು ತಿಂದು, ಅಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತರು. ನನಗೆ ಹದಿನಾರು ತುಂಬಿತ್ತು. ಅವರ ಟೂರ್ನಮೆಂಟು ಹದಿನಾಲ್ಕರ ಒಳಗಿನವರದು. ಲೋಕಿ ಆಗ ತಾನೇ ಏಳನೇ ತರಗತಿ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ, ಹೈಸ್ಕೂಲು ಸೇರಲು ಟಿ.ಸಿ. ತಂದಿಟ್ಟುಕೊಂಡಿದ್ದ.

"ಸಣ್ಣವನ ಟಿ.ಸಿ. ಕೊಡಿ ರಂಗಪ್ಪ. ಇವನನ್ನ ಅದರ ಮೇಲೆ ನಮ್ಮ ಸ್ಕೂಲಿಗೆ ಸೇರಿಸ್ಕೊತೀನಿ. ಆಳು ಕುಳ್ಳ, ಯಾರಿಗೂ ಗೊತ್ತಾಗಲ್ಲ."

"ಅಲ್ಲ ಸಾ, ಸಣ್ಣವ್ನು ಎಲ್ಲಿಗೋಗ್ಬೇಕು?"

"ಒಂದು ವರ್ಷ ಮನೇಲಿರ್ಲಿ. ಬುದ್ಧಿವಂತ, ಒಂದು ವರ್ಷದಲ್ಲಿ ಏನೂ ಹಾಳಾಗಲ್ಲ. ಇವನು ಮುಂದಕ್ಕೆ ಬಂದ ಅಂದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಗೌರ್ಮೆಂಟ್ ಕೆಲ್ಸ ರಂಗಪ್ಪ. ಇಡೀ ಮನೆ ಮೇಲಕ್ಕೆ ಬರುತ್ತೆ."

ಮೇಷ್ಟ್ರು ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದ ಜಗಳವನ್ನು ಓಣಿಯೆಲ್ಲ ಕೇಳಿಸಿಕೊಂಡಿತು. ಅವ್ವ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದಿದ್ದಳು.

"ಉಪ್ಪು ಎರವಲು ಕೊಡ್ತಾರೆ, ಒನಕೆ ಎರವಲು ಕೊಡ್ತಾರೆ. ಹೆತ್ತ ಮಗನ ಹೆಸ್ರ ಯಾರಾದ್ರೂ ಎರವಲು ಕೊಡ್ತಾರಾ? ನಿಮ್ಗೇನು ಬುದ್ಧಿಗಿದ್ಧಿ ಐತಾ?"

"ಕಚ್ಚಾ ಹೊಲ್ಗೆ ಅಂದ್ಕೊಳೇ. ಒಂದ್ ವರ್ಸ ಕಳುದ್ಮೇಲೆ ಬಿಚ್ಚುದ್ರಾಯ್ತು. ದೊಡ್ಡವನಿಗಂತೂ ಓದು ಹತ್ತಲಿಲ್ಲ, ಕಾಲಾದ್ರೂ ಅನ್ನ ಹಾಕ್ಲಿ ಬುಡು."

ಲೋಕಿ ಟೇಬಲ್ಲಿನ ಕೆಳಗೆ ಕೂತು ಎಲ್ಲವನ್ನೂ ಕೇಳುತ್ತಿದ್ದ. ಹೊಸ ಹೈಸ್ಕೂಲಿಗೆಂದು ಅಪ್ಪ ಹೊಲಿದುಕೊಟ್ಟಿದ್ದ ಖಾಕಿ ಚಡ್ಡಿ ಅವನ ತೊಡೆಯ ಮೇಲಿತ್ತು. ನಾನು ಬಗ್ಗಿ ಒಳಗೆ ಹೋದಾಗ ಅವನು ಒಂದೇ ಮಾತು ಕೇಳಿದ.

"ಒಂದು ವರ್ಷ ತಾನೇ ಅಣ್ಣ?"

"ಹೂಂ ಕಣ್ಲಾ. ಒಂದೇ ವರ್ಷ. ಅವ್ವನಾಣೆ."

ಆಣೆ ಇಡು ಎಂದು ಅವನೇನೂ ಕೇಳಿರಲಿಲ್ಲ. ಚಡ್ಡಿಯನ್ನು ಮಡಿಸಿ ನನ್ನ ಕಡೆ ಸರಿಸಿದ. ಅವನ ಅಳತೆಯದು ನನಗೆ ಆಗಲಿಲ್ಲ, ಅಪ್ಪ ಸೊಂಟ ಬಿಚ್ಚಿ ಪಟ್ಟಿ ಕೊಟ್ಟು ಅಗಲ ಮಾಡಿಕೊಟ್ಟ. ಹೀಗೆ ನಾನು ಮೂರನೇ ಸಲ ಎಂಟನೇ ತರಗತಿಗೆ ಸೇರಿದೆ, ಈ ಸಲ ನನ್ನ ತಮ್ಮನಾಗಿ. ತುಟಿಯ ಮೇಲೆ ಮೂಡುತ್ತಿದ್ದ ಕೂದಲನ್ನು ವಾರಕ್ಕೊಮ್ಮೆ ಅಪ್ಪನ ಬ್ಲೇಡಿನಲ್ಲಿ ತೆಗೆದುಕೊಳ್ಳುತ್ತಿದ್ದೆ. ಮೊದಮೊದಲು ಹಾಜರಿ ಕೂಗುವಾಗ ಲೋಕೇಶ ಎಂದರೆ ನಾನು ಸುಮ್ಮನೆ ಕಿಟಕಿ ನೋಡುತ್ತ ಕೂತಿರುತ್ತಿದ್ದೆ, ಪಕ್ಕದವನು ತಿವಿಯಬೇಕಾಗಿತ್ತು. ದೀಪಾವಳಿಯ ಹೊತ್ತಿಗೆ ತಿವಿತ ಬೇಕಾಗಲಿಲ್ಲ.

ಆ ವರ್ಷ ನಾವು ಜಿಲ್ಲೆಗೆ ಗೆದ್ದೆವು. ಫೈನಲ್ ಆಟಕ್ಕೆ ಅಪ್ಪ ಅಂಗಡಿ ಮುಚ್ಚಿ ಬಂದಿದ್ದ, ಲೋಕಿಯೂ ಬಂದಿದ್ದ. ಮೊದಲರ್ಧ ನಾನು ಬ್ಯಾಕ್ ಆಡಿದೆ. ಕೀಪರ್ ಬೆರಳು ಮುರಿದುಕೊಂಡಾಗ ಗೋಲಿಗೆ ಹೋದೆ. ಬದಲಿಯವನು ಬಂದ ಮೇಲೆ ಮೇಷ್ಟ್ರು ಮುಂದಕ್ಕೆ ಕಳಿಸಿದರು. ಮುಂದಕ್ಕೆ ಹೋದವನೇ ಗೋಲು ಹೊಡೆದೆ. ಮೈದಾನದ ಸುತ್ತ ನಿಂತ ಹುಡುಗರೆಲ್ಲ 'ಲೋಕೇಶ, ಲೋಕೇಶ' ಎಂದು ಕೂಗುತ್ತಿದ್ದರು. ಗೋಲು ಹೊಡೆದ ಖುಷಿಯಲ್ಲಿ ನಾನು ಮನೆಯವರಿದ್ದ ಕಡೆ ನೋಡಿದೆ. ಅಪ್ಪ ಟವೆಲ್ ಬೀಸುತ್ತಿದ್ದ. ಅವನ ಪಕ್ಕ ನಿಂತಿದ್ದ ಲೋಕಿ ತನ್ನ ಹೆಸರು ಕೂಗಿದ ದಿಕ್ಕಿಗೆಲ್ಲ ತಿರುಗಿ ತಿರುಗಿ ನೋಡುತ್ತಿದ್ದ. ಬೇಕೆಂದು ಮಾಡುತ್ತಿರಲಿಲ್ಲ. ಹದಿಮೂರು ವರ್ಷದಿಂದ ಅವನದಾಗಿದ್ದ ಹೆಸರು, ಯಾರೇ ಕರೆದರೂ ಕತ್ತು ತಿರುಗುತ್ತಿತ್ತು ಅಷ್ಟೆ. ನಾನು ಅದನ್ನು ಕಂಡೆ, ಕಂಡೂ ಕೈ ಮೇಲೆತ್ತಿ ಕುಣಿದೆ.

ವರ್ಷ ಕಳೆಯಿತು. ಹೊಲಿಗೆ ಬಿಚ್ಚುವ ಮಾತು ಬಂದಾಗ ಮೇಷ್ಟ್ರು ನಕ್ಕರು. ನನ್ನನ್ನು ರಾಜ್ಯದ ಜೂನಿಯರ್ ಕ್ಯಾಂಪಿಗೆ ಕರೆದಿದ್ದರು, ಈಗ ಹೆಸರು ಬದಲಿಸುವುದುಂಟೇ? ಲೋಕಿ ಆ ವರ್ಷವೆಲ್ಲ ಮೆಷಿನ್ನಿನ ಎದುರು ಕೂತು ಚಡ್ಡಿಗಳಿಗೆ ಅಂಚು ಹೊಡೆದಿದ್ದ. ನನ್ನ ಪುಸ್ತಕಗಳನ್ನು ಅವನೇ ಓದಿ ಮುಗಿಸಿದ್ದ. ಜೂನ್ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಎಲ್ಲರೂ ಮುದ್ದೆ ಮುರಿಯುತ್ತಿರುವಾಗ ಅವನೇ ಒಂದು ದಾರಿ ಹೇಳಿದ. ಎಷ್ಟು ದಿನದಿಂದ ಯೋಚಿಸಿದ್ದನೋ.

"ಅಪ್ಪ, ಅಣ್ಣನ ಟಿ.ಸಿ. ಟ್ರಂಕಲ್ಲಿ ಐತಲ್ಲ. ಅದ್ರ ಮೇಲೆ ನಾನು ಸೇರ್ಕೊತೀನಿ, ಹನುಮಂತರಾಯ ಅಂತ. ಇಲ್ಲಿ ಬ್ಯಾಡ, ಗುಬ್ಬೀಲಿ. ದೊಡ್ಡಮ್ಮನ ಮನೇಲಿದ್ಕೊಂಡು ಓದ್ತೀನಿ. ವಯಸ್ಸು ಜಾಸ್ತಿ ಅಂತ ನಗ್ಬೋದು, ನಗ್ಲಿ ಬುಡು."

ಅವ್ವ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಅಪ್ಪನ ಮುಖದಲ್ಲಿ ಒಂದು ವರ್ಷದಿಂದ ಕಾಣದ ನಗು ಕಂಡಿತು. ಗುಬ್ಬಿಯ ದೊಡ್ಡಮ್ಮ ಅವ್ವನ ಅಕ್ಕ, ಅವಳ ಮನೆಯ ಹಿಂದೆಯೇ ಹೈಸ್ಕೂಲು. ಭಾನುವಾರ ಕಳೆದು ಸೋಮವಾರ ಹೋಗುವುದೆಂದು ಮಾತಾಯಿತು. ನಾನೂ ತಲೆಯಾಡಿಸಿದೆ. ಆದರೆ ಒಳಗೊಳಗೇ ಬೇರೆ ಲೆಕ್ಕ ಹಾಕುತ್ತಿದ್ದೆ. ಗುಬ್ಬಿಯ ಹೈಸ್ಕೂಲಿನ ಟೀಮು ಪ್ರತಿ ವರ್ಷ ನಮ್ಮ ಮೇಲೆ ಆಡಲು ಬರುತ್ತಿತ್ತು. ನನ್ನ ಮುಖ ಅವರಿಗೆ ಗೊತ್ತು, ಲೋಕೇಶ ಎಂಬ ಹೆಸರೂ ಗೊತ್ತು. ಅದೇ ಮುಖದ ಇನ್ನೊಬ್ಬ ಹುಡುಗ ಅವರ ಕ್ಲಾಸಿನಲ್ಲಿ ಬಂದು ಕೂತರೆ, ನಿಮ್ಮಣ್ಣ ಯಾರು ನಿಮ್ಮ ತಮ್ಮ ಯಾರು ಎಂದು ಯಾರಾದರೂ ಕೇಳಿದರೆ, ಒಬ್ಬ ಬಾಯಿಬಿಟ್ಟರೆ ಸಾಕು, ಕ್ಯಾಂಪು ಹೋಯಿತು, ನಾನು ಮತ್ತೆ ಗುಂಡಿ ಹಾಕುವವನು. ಆ ಮೂರು ದಿನ ನನ್ನ ತಲೆಯಲ್ಲಿ ಇದು ಬಿಟ್ಟರೆ ಬೇರೇನೂ ಓಡಲಿಲ್ಲ. ತಮ್ಮನ ಓದು ಓಡಲೇ ಇಲ್ಲ ಎಂಬುದನ್ನು ಇಲ್ಲಿ ಬರೆದುಬಿಡಬೇಕು.

ಭಾನುವಾರ ನಮ್ಮ ಮನೆಯಲ್ಲಿ ಎಣ್ಣೆ ನೀರು. ಅವ್ವ ಬೆಳಿಗ್ಗೆಯೇ ಹರಳೆಣ್ಣೆ ಕಾಯಿಸಿ ನಮ್ಮಿಬ್ಬರ ನೆತ್ತಿಗೆ ತಟ್ಟಿ ಬಿಟ್ಟಿದ್ದಳು. ಲೋಕಿ ಎಣ್ಣೆ ಮೈಯಲ್ಲಿ ಹಿತ್ತಿಲಲ್ಲಿ ಕೂತು ಗುಬ್ಬಿಗೆ ಒಯ್ಯಬೇಕಾದ ಪುಸ್ತಕಗಳಿಗೆ ಪೇಪರು ಹಾಕುತ್ತಿದ್ದ. ನಾನು ಟ್ರಂಕು ತೆಗೆದೆ. ಜಾತಕಗಳ ನಡುವಿನಿಂದ ನನ್ನ ಟಿ.ಸಿ. ಎಳೆದುಕೊಂಡೆ, ಚಡ್ಡಿಗೆ ಸಿಕ್ಕಿಸಿಕೊಂಡು ಬಚ್ಚಲಿಗೆ ಹೋದೆ. ಹಂಡೆಯ ಒಲೆಯಲ್ಲಿ ಕರಟ ಚೆನ್ನಾಗಿ ಹತ್ತಿಕೊಂಡಿತ್ತು. ಒಳಗೆ ಹಾಕಿದೆ. ದಪ್ಪ ಕಾಗದ, ಒಮ್ಮೆಗೇ ಉರಿಯಲಿಲ್ಲ. ಹನುಮಂತರಾಯ ಬಿನ್ ರಂಗಪ್ಪ ಎಂದು ಮಸಿಯಲ್ಲಿ ಬರೆದದ್ದು ಕಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಸೀಗೆಪುಡಿಯ ಬಟ್ಟಲು ಹಿಡಿದು ಅವ್ವ ಬಂದಳು.

"ಏನ್ಲಾ ಅದು ಒಲೇಲಿ?"

"ಹಳೇ ನೋಟ್‌ಬುಕ್ಕಿಂದು ಕಣವ್ವ."

"ಕಾಗ್ದಾನ ಒಲೆಗೆ ಹಾಕ್ಬಾರ್ದು ಕಣೋ, ಸರಸ್ವತಿ. ಅದ್ಕೇ ನಿಂಗೆ ವಿದ್ಯೆ ಹತ್ತಲಿಲ್ಲ. ಹೋಗ್ಲಿ, ತಲೆ ಬಗ್ಸು."

ತಲೆ ಬಗ್ಗಿಸಿದೆ. ಅವಳು ಬಿಸಿನೀರು ಹುಯ್ದಳು. ಅವಳ ಕೈ ನನ್ನ ನೆತ್ತಿಯನ್ನು ಗಸಗಸ ಉಜ್ಜುತ್ತಿರುವಾಗ ಪಕ್ಕದಲ್ಲೇ ಅದು ಪೂರ್ತಿ ಉರಿದುಹೋಯಿತು.

ಸೋಮವಾರ ಬೆಳಿಗ್ಗೆ ಮನೆಯೆಲ್ಲ ಹುಡುಕಾಟ. ಟ್ರಂಕು ಬೋರಲು ಹಾಕಿದರು. ಅವ್ವನ ಮದುವೆ ಸೀರೆ, ಅಪ್ಪನ ಕೋಟು, ಜಾತಕಗಳು, ಎಲ್ಲ ನೆಲದ ಮೇಲೆ. ಲೋಕಿ ಒಂದೊಂದೇ ಸೀರೆಯ ಮಡಿಕೆಯೊಳಗೆ ಕೈ ಹಾಕಿ ನೋಡಿದ. ನಾನೂ ಹುಡುಕಿದೆ. ಮೆಷಿನ್ನಿನ ಡ್ರಾಯರ್ ಎಳೆದೆ, ದೇವರ ಪಟಗಳ ಹಿಂದೆ ಇಣುಕಿದೆ, ಅಟ್ಟಕ್ಕೆ ಹತ್ತಿ ಧೂಳು ಮೈಗೆಲ್ಲ ಮೆತ್ತಿಸಿಕೊಂಡು ಇಳಿದು, ಇಲ್ಲಿ ಇಲ್ಲ ಎಂದೆ. ನನ್ನಷ್ಟು ಚೆನ್ನಾಗಿ ಅವತ್ತು ಯಾರೂ ಹುಡುಕಲಿಲ್ಲ. ಕೊನೆಗೆ ಅವ್ವ ಹಣೆ ಚಚ್ಚಿಕೊಂಡಳು. ಗೌರಿ ಹಬ್ಬದಲ್ಲಿ ಟ್ರಂಕು ಒರೆಸುವಾಗ ತಳಕ್ಕೆ ಹಾಸಿದ್ದ ಹಳೇ ಪೇಪರುಗಳನ್ನೆಲ್ಲ ಕಡಲೆಕಾಯಿಯವನಿಗೆ ಹಾಕಿದ್ದಳಂತೆ. ಅದರೊಳಗೇ ಹೋಗಿರಬೇಕು, ತನ್ನದೇ ತಪ್ಪು ಎಂದಳು. ಅಪ್ಪ ಕೈಯಲ್ಲಿದ್ದ ಗಜದ ಕೋಲನ್ನು ಅವಳ ಕಡೆ ಬೀಸಿ ಎಸೆದ. ಅದು ಅವಳ ಮೊಣಕೈಗೆ ತಗುಲಿ ಬಿತ್ತು. ನಮ್ಮಪ್ಪ ಹೊಡೆಯುವವನಲ್ಲ, ಅದೇ ಮೊದಲು. ಅವ್ವ ಅಳಲಿಲ್ಲ, ಹೊಡೆತ ತನಗೆ ಸಲ್ಲಬೇಕಾದ್ದೇ ಎನ್ನುವಂತೆ ಮೊಣಕೈ ಹಿಡಿದು ನಿಂತಿದ್ದಳು. ನಾನು ಅಟ್ಟದ ಧೂಳು ಕೊಡವಿಕೊಳ್ಳುತ್ತ ಬಾಗಿಲಲ್ಲಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು.

ಇನ್ನೊಂದು ಟಿ.ಸಿ. ಬರೆಸಿಕೊಂಡು ಬರಲು ಅಪ್ಪ ನನ್ನ ಹಳೆಯ ಶಾಲೆಗೆ ಹೋದ. ಗುಮಾಸ್ತರು, ಹುಡುಗನೇ ಬಂದು ಅರ್ಜಿ ಬರೆದುಕೊಡಲಿ ಎಂದರು. ನಾಳೆ ಹೋಗ್ತೀನಪ್ಪ ಎಂದೆ. ನಾಳೆ ಪ್ರಾಕ್ಟೀಸು. ನಾಡಿದ್ದು ಕ್ಯಾಂಪಿಗೆ ಹೊರಡಬೇಕು. ಬಂದ ಮೇಲೆ ಖಂಡಿತ ಎಂದೆ. ಬರುವ ಹೊತ್ತಿಗೆ ಶಾಲೆಗಳಲ್ಲಿ ಸೇರಿಸಿಕೊಳ್ಳುವುದು ಮುಗಿದಿತ್ತು. ಮರುವರ್ಷ ಅಪ್ಪ ಮತ್ತೆ ಎರಡು ಸಲ ಹೇಳಿದ, ಆಮೇಲೆ ಹೇಳುವುದು ಬಿಟ್ಟ. ಲೋಕಿ ಒಂದು ಸಲವೂ ಹೇಳಲಿಲ್ಲ. ಅಷ್ಟರಲ್ಲಿ ಅವನು ಪ್ಯಾಂಟು ಕತ್ತರಿಸಲು ಕಲಿತಿದ್ದ, ಅಪ್ಪನಿಗಿಂತ ಕಡಿಮೆ ಬಟ್ಟೆಯಲ್ಲಿ ಹೊಂದಿಸುತ್ತಿದ್ದ.

ನನ್ನನ್ನು ಎಸ್ಸೆಸ್ಸೆಲ್ಸಿ ದಾಟಿಸಿದವನೂ ಅವನೇ. ಪಾಸಾಗದಿದ್ದರೆ ಕೋಟಾದಲ್ಲೂ ಕೆಲಸವಿಲ್ಲ ಎಂದು ಮೇಷ್ಟ್ರು ಹೆದರಿಸಿದ್ದರು. ಬೆಳಗಿನ ಜಾವ ಎದ್ದು, ಮೆಷಿನ್ನಿನ ಮುಚ್ಚಳದ ಮೇಲೆ ಪುಸ್ತಕ ಬಿಡಿಸಿ, ಹೈಸ್ಕೂಲಿನ ಮೆಟ್ಟಿಲು ಹತ್ತದ ಹುಡುಗ ನನಗೆ ಬೀಜಗಣಿತ ಹೇಳಿಕೊಡುತ್ತಿದ್ದ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಟೇಬಲ್ಲಿನ ಮೇಲೆಯೇ ಲೆಕ್ಕ ಬರೆಯುವುದು, ನನಗೆ ಅರ್ಥವಾಗದಿದ್ದರೆ ಅಳಿಸಿ ಮತ್ತೆ ಬರೆಯುವುದು. ನಾನು ತೂಕಡಿಸಿದರೆ ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿಯಿಂದ ನನ್ನ ತಲೆಗೆ ಟಕ್ಕೆಂದು ಕುಟ್ಟುತ್ತಿದ್ದ. ಪಾಸಾದೆ. ಮಾರ್ಕ್ಸ್ ಕಾರ್ಡು ತಂದ ದಿನ ಅವ್ವ ಪಾಯಸ ಮಾಡಿದ್ದಳು. ಲೋಕಿ ಕಾರ್ಡನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಅವನ ಹೆಸರು, ಅವನು ಹುಟ್ಟಿದ ದಿನ, ಗಣಿತದಲ್ಲಿ ಐವತ್ತೊಂದು.

"ಬೀಜಗಣಿತದಲ್ಲಿ ಎಲ್ಲೋ ತಪ್ಪಿದೀಯ ಅಣ್ಣ," ಎಂದು ಹೇಳಿ ನನಗೆ ವಾಪಸು ಕೊಟ್ಟ.

ಆಮೇಲಿನದೆಲ್ಲ ಈ ಪುಸ್ತಕದ ಮುಂದಿನ ಪುಟಗಳಲ್ಲಿ ಬೇಕಾದಷ್ಟಿದೆ, ಹೊಗಳಿಕೆಯೂ ಸೇರಿ. ಬೆಂಗಳೂರಿನ ಒಂದು ಸರ್ಕಾರಿ ಫ್ಯಾಕ್ಟರಿಯ ಟೀಮು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಯಾರ ಕಾಲು ಮುರಿದರೂ, ಯಾರಿಗೆ ಜ್ವರ ಬಂದರೂ, ಆ ಜಾಗಕ್ಕೆ ನಾನು. ಒಂದೇ ಸೀಸನ್ನಿನಲ್ಲಿ ಐದು ನಂಬರಿನ ಬನಿಯನ್ ತೊಟ್ಟಿದ್ದೇನೆ. ಪೇಪರಿನಲ್ಲಿ ಬಂದ ನನ್ನ ಫೋಟೋಗಳನ್ನು ಅಪ್ಪ ಅಂಗಡಿಯ ಗೋಡೆಗೆ ಅಂಟಿಸಿದ್ದ, ಪ್ರತಿಯೊಂದರ ಕೆಳಗೂ ಲೋಕೇಶ್ ಎಂದು ಅಚ್ಚಾಗಿತ್ತು. ಅದರ ಎದುರಿಗೇ ಕೂತು ಲೋಕಿ ಮೆಷಿನ್ ತುಳಿಯುತ್ತಿದ್ದ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಅವ್ವ ಲೋಕಿಗೆ ಕುಣಿಗಲ್ಲಿನಲ್ಲಿ ಒಂದು ಹೆಣ್ಣು ನೋಡಿದಳು. ಮೊದಲು ನನ್ನ ಮದುವೆಯಾಗಬೇಕೆಂದು ಹಟ ಹಿಡಿದಿದ್ದಳು, ಆಟ ಬಿಟ್ಟ ಮೇಲೆ ನೋಡೋಣ ಎಂದು ನಾನೇ ತಳ್ಳಿಹಾಕಿದ್ದೆ. ನನ್ನ ಪುಕ್ಕಲುತನ ಅಲ್ಲಿಯೂ ಬಿಡಲಿಲ್ಲ. ಹುಡುಗಿಯ ಸೋದರಮಾವ ನಮ್ಮ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಇದ್ದಾನೆ ಎಂದು ತಿಳಿದ ಕೂಡಲೇ ನಾನು ತುಮಕೂರಿಗೆ ಬಸ್ಸು ಹತ್ತಿ ಬಂದೆ. ಕುಣಿಗಲ್ಲಿಗೆ ಹೊರಡುವ ಮುಂಚೆ ತಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದೆ. ಅಲ್ಲಿ ಹೆಸರು ಕೇಳಿದರೆ ಹನುಮಂತರಾಯ ಅನ್ನು, ನೀನೇ ದೊಡ್ಡವನು ಅನ್ನು, ಒಂದೇ ಮನೆಯಲ್ಲಿ ಇಬ್ಬರು ಲೋಕೇಶ ಇದ್ದಾರೆ ಎಂದರೆ ನನ್ನ ಕೆಲಸಕ್ಕೆ ಕುತ್ತು ಬರುತ್ತೆ ಎಂದು. ಅವನು ತಲೆಯಾಡಿಸಿದ. ರೇಷನ್ ಕಾರ್ಡಿನಲ್ಲಿ ಆಗಲೇ ಅವನನ್ನು ಹಾಗೆ ಬರೆಸಿಯಾಗಿತ್ತು.

ಹುಡುಗಿಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಹುಡುಗಿ ಕಾಫಿ ಕೊಟ್ಟು ಒಳಬಾಗಿಲ ಹತ್ತಿರ ನಿಂತಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಅವಳ ತಾತ ಲೋಕಿಯನ್ನು ಹತ್ತಿರ ಕೂರಿಸಿಕೊಂಡು ವಿಚಾರಿಸಿದ.

"ಹೆಸ್ರೇನಪ್ಪ?"

"ಹನುಮಂತರಾಯ."

"ಎಲ್ಲಿಗಂಟ ಓದಿದೀಯ?"

ಇದನ್ನು ನಾನು ಯೋಚಿಸಿರಲಿಲ್ಲ. ಲೋಕಿ ಜಮಖಾನದ ಅಂಚಿನ ನೂಲು ನೋಡುತ್ತಿದ್ದ.

"ಎಂಟ್ನೇ ಕ್ಲಾಸು. ಎರಡು ಸಲ ಫೇಲಾಗಿ ಬುಟ್ಬುಟ್ಟೆ."

"ಹೋಗ್ಲಿ ಬುಡು, ವಿದ್ಯೆ ಎಲ್ರಿಗೂ ಹತ್ತುತ್ತಾ? ತಮ್ಮನ್ನ ಮುಂದಕ್ಕೆ ತಂದಿದೀಯಲ್ಲ, ಅಣ್ಣ ಅಂದ್ರೆ ಹಂಗಿರ್ಬೇಕು," ಎಂದು ತಾತ ನನ್ನ ಕಡೆ ತಿರುಗಿ ಮೆಚ್ಚಿಕೊಂಡು ನಕ್ಕ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಾಫಿ ಕುಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ.

"ಯಾಕ್ಲಾ ಹಂಗಂದೆ? ಏಳ್ನೇ ಕ್ಲಾಸು ಫಸ್ಟ್ ಕ್ಲಾಸು ಅನ್ಬೋದಿತ್ತಲ್ಲ."

"ಹೆಸ್ರು ನಿಂದು ಹೇಳುದ್ಮೇಲೆ ಓದು ನಂದು ಹೇಳಕ್ಕಾಯ್ತದಾ ಅಣ್ಣ? ಸ್ಕೂಲಲ್ಲಿ ಹೋಗಿ ವಿಚಾರುಸ್ಬುಟ್ರೆ?"

ಹೇಳಿ ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ನನ್ನ ಸುಳ್ಳನ್ನು ನನಗಿಂತ ಅಚ್ಚುಕಟ್ಟಾಗಿ ಕಾಯುತ್ತಿದ್ದ. ಒಲೆಗೆ ಹಾಕಿದ್ದು ನಾನೇ ಎಂದು ಹೇಳಿಬಿಡಬೇಕೆಂದು ಅವತ್ತು ತುಮಕೂರು ಬರುವವರೆಗೂ ಅಂದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬಾಳೆಹಣ್ಣು ಕೊಂಡು ಮನೆಗೆ ಹೋದೆವು.

ಮದುವೆ ಕುಣಿಗಲ್ಲಿನಲ್ಲಿ, ಹುಡುಗಿಯ ಮನೆ ಮುಂದಿನ ಚಪ್ಪರದಲ್ಲಿ ಆಯಿತು. ತಾಳಿ ಕಟ್ಟಿದ ಮೇಲೆ ಹಿರಿಯರೆಲ್ಲ ಅಕ್ಷತೆ ಹಾಕಿದರು. ಆಮೇಲೆ ಚಿಕ್ಕವರು ಒಬ್ಬೊಬ್ಬರೇ ಬಂದು ಮದುಮಕ್ಕಳ ಕಾಲಿಗೆ ಬೀಳತೊಡಗಿದರು. ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ. ನಮ್ಮಲ್ಲಿ ದೊಡ್ಡವರು ಚಿಕ್ಕವರ ಕಾಲಿಗೆ ಬೀಳಬಾರದು, ಬಿದ್ದರೆ ಚಿಕ್ಕವರ ಆಯಸ್ಸು ಸವೆಯುತ್ತದೆ ಎನ್ನುತ್ತಾರೆ. ಆಟವಾಡುವಾಗ ನನ್ನ ಕೈ ಲೋಕಿಯ ಪಾದಕ್ಕೆ ತಾಕಿದರೂ ಅವ್ವ ಓಡಿ ಬಂದು ಅವನ ಕೈಯಲ್ಲಿ ನನ್ನ ಪಾದ ಮುಟ್ಟಿಸಿ ಸರಿ ಮಾಡುತ್ತಿದ್ದವಳು. ಅಷ್ಟರಲ್ಲಿ ಸ್ಟೋರ್ಸಿನ ಸೋದರಮಾವ ನನ್ನನ್ನು ಕಂಡುಬಿಟ್ಟ.

"ಏನ್ರೀ ಲೋಕೇಶ್, ಪೇಪರಲ್ಲಿ ಬರೋರು ಅಣ್ಣನ ಕಾಲಿಗೆ ಬೀಳಲ್ವೇನ್ರೀ? ಬನ್ರೀ, ಬನ್ರೀ!"

ಚಪ್ಪರದಲ್ಲಿದ್ದವರೆಲ್ಲ ನಕ್ಕು ದಾರಿ ಬಿಟ್ಟರು. ಆರತಿ ತಟ್ಟೆ ಹಿಡಿದು ನಿಂತಿದ್ದ ಅವ್ವ ನನ್ನನ್ನೇ ನೋಡುತ್ತಿದ್ದಳು. ತಟ್ಟೆಯೊಳಗಿನ ಕುಂಕುಮದ ನೀರು ತುಳುಕಿ ಅವಳ ಕೈಮೇಲೆ ಇಳಿಯುತ್ತಿತ್ತು. ಬೇಡ ಎಂದು ಅವಳು ಹೇಳುವಂತಿರಲಿಲ್ಲ, ಹೇಳಿದರೆ ಯಾಕೆಂದು ಹೇಳಬೇಕಿತ್ತು. ನಾನಾದರೂ ಬೀಳುವುದಿಲ್ಲ ಎನ್ನಬಹುದಿತ್ತು, ಅವನು ನನ್ನ ತಮ್ಮ ಎನ್ನಬಹುದಿತ್ತು. ಇನ್ನೂರು ಜನರ ಮುಂದೆ ಒಂದು ಮಾತು, ಕೆಲಸ ಹೋದರೆ ಹೋಗಲಿ. ಬಗ್ಗಿದೆ. ಮೊಣಕಾಲೂರಿ, ತಮ್ಮನ ಅರಿಸಿನ ಹಚ್ಚಿದ ಪಾದಗಳ ಮೇಲೆ ಹಣೆ ಇಟ್ಟೆ. ಅವನ ಪಾದ ಒಂದು ಸಲ ಹಿಂದಕ್ಕೆ ಸರಿಯಿತು. ಆಮೇಲೆ, ಸೋದರಮಾವ ನೋಡುತ್ತಿದ್ದಾನೆಂಬುದು ನೆನಪಾಗಿರಬೇಕು, ಇದ್ದಲ್ಲಿಗೇ ಬಂದು ನಿಂತಿತು. ಅವನ ಕೈ ನನ್ನ ತಲೆಯ ಮೇಲೆ ಕೂತಿತು.

"ಏಳು ಲೋಕೇಶ," ಎಂದ.

"ಹೂಂ, ಅಣ್ಣ," ಎಂದು ನಾನು ಎದ್ದು ನಿಂತೆ.